ಕೋಳಿಮರಿ ಮೇವಿಗೆ ಹಿಂಡಿ: ಮಲೆನಾಡಿನ ಸಾಕಣೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಮನೆ ಹಿಂದೆ 50ರಿಂದ 500ರವರೆಗೆ ಗಿರಿರಾಜ, ಸ್ವರ್ಣಧಾರಾ ಅಥವಾ ನಾಟಿ ಮರಿ ಸಾಕುತ್ತಾ, ಮೇವನ್ನು ತಾವೇ ಕಲಸಿಕೊಳ್ಳುವವರಿಗಾಗಿ ಈ ಪುಟ. ಕಂಪನಿಯ ಕರಾರಿನ ಮೇಲೆ ಬ್ರಾಯ್ಲರ್ ಸಾಕುವವರಿಗೆ ಮೇವು ಕಂಪನಿಯಿಂದಲೇ ಬರುತ್ತದೆ. ಅವರಿಗೆ ಇಲ್ಲಿ ಉಪಯೋಗಕ್ಕೆ ಬರುವುದು ದಾಸ್ತಾನಿನ ವಿಷಯ ಮಾತ್ರ.

ಮೀನಿನ ಪುಡಿ ಹಾಕದೆ ಬರೀ ಹಿಂಡಿಯಲ್ಲಿ ಮರಿ ಬೆಳೆಯುತ್ತದೆಯೇ?

ಬೆಳೆಯುತ್ತದೆ. ಘಟ್ಟದ ಕೆಳಗಿಂದ ಬರುವ ಅಗ್ಗದ ಮೀನಿನ ಪುಡಿಯಲ್ಲಿ ಉಪ್ಪು, ಮರಳು ಎಷ್ಟಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಸರಿಯಾಗಿ ಒಣಗಿಸದಿದ್ದರೆ ಸಾಲ್ಮೊನೆಲ್ಲಾ ರೋಗಾಣುವೂ ಅದರ ಜೊತೆಗೇ ಬರುತ್ತದೆ. ಹಾಗಾಗಿ ಬಿಟ್ಟರೆ ನಷ್ಟವೇನಿಲ್ಲ. ಆದರೆ ಮೀನಿನ ಪುಡಿ ಪ್ರೊಟೀನ್ ಒಂದನ್ನೇ ಕೊಡುತ್ತಿರಲಿಲ್ಲ. ಮೆಥಿಯೊನಿನ್, ಲೈಸಿನ್ ಎಂಬ ಅಮೈನೊ ಆಮ್ಲಗಳು (ಪ್ರೊಟೀನಿನ ಬಿಡಿಭಾಗಗಳು), ಬಿ12 ಜೀವಸತ್ವ, ಕ್ಯಾಲ್ಸಿಯಂ, ರಂಜಕ ಎಲ್ಲವೂ ಅದರಲ್ಲಿದ್ದವು. ಬಿ12 ಗಿಡದಿಂದ ಬರುವ ಯಾವ ಹಿಂಡಿಯಲ್ಲೂ ಇಲ್ಲ. ಮೀನು ಬಿಟ್ಟು ಅಷ್ಟೇ ತೂಕದ ಹಿಂಡಿ ಸುರಿದು ಸುಮ್ಮನಾದರೆ ಮೂರನೇ ವಾರಕ್ಕೆ ಮರಿ ಕುಗ್ಗುವುದು ಈ ಕಾರಣಕ್ಕೆ. ವಿಟಮಿನ್ ಪ್ರೀಮಿಕ್ಸ್ ಕೊಳ್ಳುವಾಗ ಲೇಬಲ್ಲಿನಲ್ಲಿ ಬಿ12 ಮತ್ತು ಬಿ2 ಎರಡೂ ಇವೆಯೇ ಎಂದು ಓದಿ. ಎ, ಡಿ3 ಮಾತ್ರ ಇರುವ ಪೊಟ್ಟಣ ಸಾಲದು.

ಸೋಯಾ ಹಿಂಡಿಯಲ್ಲಿ ಶೇ 45, ಶೇಂಗಾ ಹಿಂಡಿಯಲ್ಲಿ ಶೇ 42 ಪ್ರೊಟೀನ್. ಹೆಚ್ಚುಕಡಿಮೆ ಒಂದೇ ಅಲ್ಲವೇ?

ಅಲ್ಲ. ಚೀಲದ ಮೇಲಿನ ಅಂಕಿ ಹೇಳುವುದು ಒಟ್ಟು ಸಾರಜನಕದ ಲೆಕ್ಕವನ್ನು. ಮರಿಗೆ ಬೇಕಾದ್ದು ಅಮೈನೊ ಆಮ್ಲಗಳು, ಅದರಲ್ಲೂ ಮುಖ್ಯವಾಗಿ ಲೈಸಿನ್ ಮತ್ತು ಮೆಥಿಯೊನಿನ್. ಸೋಯಾ ಹಿಂಡಿಯಲ್ಲಿ ಲೈಸಿನ್ ಸುಮಾರು ಶೇ 2.8 ಇದ್ದರೆ ಶೇಂಗಾ ಹಿಂಡಿಯಲ್ಲಿ ಶೇ 1.5ರ ಆಸುಪಾಸು. ಮೆಕ್ಕೆಜೋಳದಲ್ಲಂತೂ (ಈ ಪುಟದಲ್ಲಿ ಜೋಳ ಎಂದರೆ ಮೆಕ್ಕೆಜೋಳವೇ) ಲೈಸಿನ್ ಬರೀ ಶೇ 0.25. ಜೋಳ ಮತ್ತು ಶೇಂಗಾ ಎರಡಕ್ಕೂ ಕೊರತೆ ಒಂದೇ ಕಡೆ ಇರುವುದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಸೋಯಾ ಜೋಳಕ್ಕೆ ಹೊಂದುವುದು ಲೈಸಿನ್ ಬಲದಿಂದ. ಸೋಯಾದಲ್ಲಿ ಕಡಿಮೆ ಬೀಳುವುದು ಮೆಥಿಯೊನಿನ್ ಮಾತ್ರ. ಅದು ಪುಡಿಯಾಗಿ ಅಂಗಡಿಯಲ್ಲೇ ಸಿಗುತ್ತದೆ.

ಮೆಥಿಯೊನಿನ್ ಕಡಿಮೆಯಾದರೆ ಮೊದಲು ಗೊತ್ತಾಗುವುದು ಪುಕ್ಕದಲ್ಲಿ. ಬೆನ್ನ ಮೇಲೆ ಗರಿ ತಡವಾಗಿ ಬರುತ್ತದೆ, ಮರಿಗಳು ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನತೊಡಗುತ್ತವೆ. ಜಾಗ ಇಕ್ಕಟ್ಟಾದರೂ, ಬಲ್ಬಿನ ಬೆಳಕು ಜಾಸ್ತಿಯಾದರೂ ಇದೇ ಆಗುತ್ತದೆ. ಅವೆರಡನ್ನು ಮೊದಲು ನೋಡಿ, ಆಮೇಲೆ ಮೇವಿನ ಮೇಲೆ ಅನುಮಾನ ಪಡಿ.

100 ಕೆಜಿ ಮರಿ ಮೇವಿಗೆ ಯಾವುದು ಎಷ್ಟು?

ಹುಟ್ಟಿದಂದಿನಿಂದ 8 ವಾರದವರೆಗೆ, ಶೇ 20ರ ಸುಮಾರು ಪ್ರೊಟೀನ್ ಬರುವ ಸೋಯಾ ಆಧಾರಿತ ಮೇವು ಇದು:

ಮೆಕ್ಕೆಜೋಳ – 55 ಕೆಜಿ
ಸೋಯಾ ಹಿಂಡಿ (ಶೇ 45) – 30 ಕೆಜಿ
ಎಣ್ಣೆ ತೆಗೆದ ಅಕ್ಕಿ ತೌಡು – 11 ಕೆಜಿ
ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) – 1.6 ಕೆಜಿ
ಸುಣ್ಣಕಲ್ಲಿನ ಪುಡಿ – 1.25 ಕೆಜಿ
ಉಪ್ಪು – 350 ಗ್ರಾಂ
ಟಾಕ್ಸಿನ್ ಬೈಂಡರ್ (ಬೂಸ್ಟಿನ ವಿಷ ಹಿಡಿದಿಡುವ ಪುಡಿ) – 200 ಗ್ರಾಂ
ಡಿಎಲ್ ಮೆಥಿಯೊನಿನ್ – 150 ಗ್ರಾಂ
ಲೈಸಿನ್ – 100 ಗ್ರಾಂ
ವಿಟಮಿನ್ ಪ್ರೀಮಿಕ್ಸ್, ಟ್ರೇಸ್ ಮಿನರಲ್, ಕೋಲಿನ್ – ತಲಾ 100 ಗ್ರಾಂ
ರಕ್ತಭೇದಿ ತಡೆಯುವ ಔಷಧ – 50 ಗ್ರಾಂ

ಕೊನೆಯ ಎರಡು ಸಾಲಿನ ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಲೇಬಲ್ಲಿನಲ್ಲಿ ಇದ್ದಷ್ಟೇ ಹಾಕಿ, ತೂಕದ ವ್ಯತ್ಯಾಸವನ್ನು ತೌಡಿನಲ್ಲಿ ಸರಿಹೊಂದಿಸಿ. ಸುಣ್ಣಕಲ್ಲಿನ ಪುಡಿ ಎಂದರೆ ಗೋಡೆಗೆ ಬಳಿಯುವ ಸುಣ್ಣವಲ್ಲ, ತೋಟಕ್ಕೆ ಹಾಕುವ ಸುಟ್ಟ ಸುಣ್ಣವೂ ಅಲ್ಲ. ಅವು ಮರಿಯ ಬಾಯಿ, ಅನ್ನನಾಳ ಸುಡುತ್ತವೆ.

ಮಿಲ್ಲಿನಿಂದ ನೇರ ತರುವ ಹಸಿ ತೌಡಿನಲ್ಲಿ ಎಣ್ಣೆ ಇರುತ್ತದೆ. ಮರಿಗೆ ಬಲ ಬರುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಕೆಲವೇ ದಿನಕ್ಕೆ ಕಮಟು ಹೊಡೆಯುತ್ತದೆ. ಹಸಿ ತೌಡೇ ಬೇಕೆನಿಸಿದರೆ ಆ ವಾರದ್ದು ಆ ವಾರವೇ ತನ್ನಿ.

ಸೋಯಾ ರೇಟು ಏರಿದಾಗ ಶೇಂಗಾ ಹಿಂಡಿ ಎಷ್ಟು ಬದಲಾಯಿಸಬಹುದು?

ಮರಿ ಮೇವಿನಲ್ಲಿ 100 ಕೆಜಿಗೆ 8 ಕೆಜಿ ಸಾಕು. ಲೆಕ್ಕ ಹೀಗೆ. 8 ಕೆಜಿ ಸೋಯಾದಿಂದ ಬರುತ್ತಿದ್ದ ಲೈಸಿನ್ 224 ಗ್ರಾಂ. ಅಷ್ಟೇ ಶೇಂಗಾ ಹಿಂಡಿಯಿಂದ ಬರುವುದು 120 ಗ್ರಾಂ. ಕೊರತೆ 104 ಗ್ರಾಂ. ಅಂಗಡಿಯ ಲೈಸಿನ್ ಪುಡಿಯಲ್ಲಿ ನಿಜವಾದ ಲೈಸಿನ್ ಶೇ 78 ಇರುವುದರಿಂದ ಈ ಕೊರತೆ ತುಂಬಲು 133 ಗ್ರಾಂ ಪುಡಿ ಬೇಕು. ಅಂದರೆ ಮೇಲಿನ ಪಟ್ಟಿಯ 100 ಗ್ರಾಂ ಲೈಸಿನ್ 235 ಗ್ರಾಂ ಆಗುತ್ತದೆ. ಮೆಥಿಯೊನಿನ್ 20 ಗ್ರಾಂ ಏರಿಸಿ. ಈ ಎರಡು ಪುಡಿಯ ಖರ್ಚು ಕೂಡಿಸಿದ ಮೇಲೂ ಉಳಿತಾಯ ಕಂಡರೆ ಬದಲಾಯಿಸಿ, ಇಲ್ಲವಾದರೆ ಸೋಯಾದಲ್ಲೇ ಇರಿ. ಹಿಂಡಿಯ ರೇಟು ಮಾತ್ರ ನೋಡಿ ಖುಷಿಪಡುವವರು ಈ ಲೆಕ್ಕ ಹಾಕಿರುವುದಿಲ್ಲ.

ಗಾಣದ ಹಿಂಡಿಯಲ್ಲಿ ಎಣ್ಣೆ ಶೇ 7–8ರಷ್ಟು ಅಥವಾ ಅದಕ್ಕೂ ಹೆಚ್ಚು ಉಳಿದಿರುತ್ತದೆ, ದ್ರಾವಕ ಬಳಸಿ ಎಣ್ಣೆ ತೆಗೆದ ಸಾಲ್ವೆಂಟ್ ಹಿಂಡಿಯಲ್ಲಿ ಶೇ 1ರ ಹತ್ತಿರ. ಗಾಣದ್ದು ಘಮ್ಮೆನ್ನುತ್ತದೆ, ಮರಿ ಇಷ್ಟಪಟ್ಟು ತಿನ್ನುತ್ತದೆ, ಆದರೆ ಬೇಗ ಮುಗ್ಗಲು ಹಿಡಿಯುತ್ತದೆ.

ಶೇಂಗಾ ಹಿಂಡಿಯಲ್ಲಿ ಬೂಸ್ಟು ಕಂಡಿತು. ಬಿಸಿಲಿಗೆ ಹಾಕಿ, ಇಲ್ಲವೇ ಹುರಿದು ಕೊಟ್ಟರೆ ಸರಿಹೋಗುತ್ತದೆಯೇ?

ಇಲ್ಲ. ಹಿಂಡಿ ವಿಷಯದ ತಪ್ಪುಗಳಲ್ಲಿ ಇದು ಬಹಳ ಅಪಾಯದ್ದು. ಬಿಸಿಲು ಬೂಸ್ಟನ್ನು ಒಣಗಿಸುತ್ತದೆ. ಬೂಸ್ಟು ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷ ಹಾಗೇ ಉಳಿಯುತ್ತದೆ. ಮನೆಯ ಬಾಣಲೆಯ ಶಾಖಕ್ಕೂ ಅದು ಜಗ್ಗುವುದಿಲ್ಲ. ಬೂಸ್ಟು ಕಾಣದ ಹಿಂಡಿಯಲ್ಲೂ ವಿಷ ಇರಬಹುದು, ಏಕೆಂದರೆ ಶೇಂಗಾ ಹೊಲದಲ್ಲಿರುವಾಗಲೇ, ಕಾಯಿ ಬಿರಿದಾಗಲೇ ಶಿಲೀಂಧ್ರ ಸೇರಿರುತ್ತದೆ. ಈ ವಿಷ ಜಗತ್ತಿಗೆ ಗೊತ್ತಾದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತಾಗ. ಕಾರಣ ಹುಡುಕುತ್ತಾ ಹೋದವರು ಬಂದು ಮುಟ್ಟಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿಯ ಬಳಿಗೆ.

ಕೋಳಿ ಮೇವಿಗೆ ಮಿತಿ 20 ಪಿಪಿಬಿ, ಅಂದರೆ ಒಂದು ಟನ್ ಮೇವಿನಲ್ಲಿ 20 ಮಿಲಿಗ್ರಾಂ. ಸ್ವಲ್ಪ ಮೀರಿದರೆ ಮರಿ ಥಟ್ಟನೆ ಸಾಯುವುದಿಲ್ಲ, ಅದೇ ತೊಂದರೆ. ತೂಕ ಏರುವುದಿಲ್ಲ, ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಒಂದು ದೊಡ್ಡದು ಒಂದು ಸಣ್ಣದು ಕಾಣುತ್ತದೆ, ಲಸಿಕೆ ಹಾಕಿದ್ದರೂ ರೋಗ ಬರುತ್ತದೆ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಪಿತ್ತಜನಕಾಂಗ ಹಳದಿಗೆ ತಿರುಗಿ, ಊದಿ, ಬೆರಳಿಟ್ಟರೆ ಪುಡಿಯಾಗುವಂತಿರುತ್ತದೆ.

ಬೈಂಡರ್ ಬಗ್ಗೆ ಒಂದು ಮಾತು. ಬೆಂಟೊನೈಟ್ ಜಾತಿಯ ಜೇಡಿಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿ ಹಿಡಿಯುತ್ತದೆ, ಬೇರೆ ಶಿಲೀಂಧ್ರ ವಿಷಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದು ಅನುಮಾನಕ್ಕೆ ಇರುವ ರಕ್ಷಣೆ. ಕೆಟ್ಟದ್ದೆಂದು ಗೊತ್ತಿರುವ ಹಿಂಡಿಯನ್ನು ಬಳಸಲು ಅದು ರಹದಾರಿಯಲ್ಲ. ಬಾತುಮರಿಗಳಿಗಂತೂ ಶೇಂಗಾ ಹಿಂಡಿ ಹಾಕಲೇಬೇಡಿ. ಕೋಳಿಮರಿ ತಡೆದುಕೊಳ್ಳುವ ಪ್ರಮಾಣಕ್ಕೆ ಬಾತುಮರಿ ಸಾಯುತ್ತದೆ.

ಹಿಂಡಿಯನ್ನೊಂದನ್ನೇ ದೂರಿ ಜೋಳವನ್ನು ಮರೆಯಬೇಡಿ. ಮೇವಿನ ಅರ್ಧಕ್ಕಿಂತ ಹೆಚ್ಚು ಜೋಳವೇ. ಶಿಕಾರಿಪುರ, ಸೊರಬದ ಜೋಳ ಕೊಯ್ಲಿನ ಹೊತ್ತಿಗೆ ಹಿಂಗಾರು ಸಿಕ್ಕಿಕೊಂಡರೆ ಸರಿಯಾಗಿ ಒಣಗದೇ ಚೀಲ ಸೇರುತ್ತದೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಜೋಳ, ಎರಡು ಚಮಚ ಒಣ ಪುಡಿಯುಪ್ಪು ಹಾಕಿ ಒಂದೆರಡು ನಿಮಿಷ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚಿದೆ. ಅಂಥದ್ದನ್ನು ತರಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂಡಿ ಇಡುವುದು ಹೇಗೆ?

ಕಡಿಮೆ ಇಡುವುದೇ ಮೊದಲ ಉಪಾಯ. ಬಹಳ ಜನ 100 ಕೆಜಿ ಸೂತ್ರ ನೋಡಿ 100 ಕೆಜಿಯನ್ನೇ ಕಲಸುತ್ತಾರೆ. 100 ಮರಿಗೆ ಮೊದಲ ವಾರ ದಿನಕ್ಕೆ ಬೇಕಾಗುವುದು ಒಂದರಿಂದ ಒಂದೂವರೆ ಕೆಜಿ, ಮೊದಲ ತಿಂಗಳಿಗೆಲ್ಲ ಸೇರಿ 60ರಿಂದ 80 ಕೆಜಿ. ಅಷ್ಟನ್ನೂ ಜುಲೈ ತಿಂಗಳಲ್ಲಿ ಕಲಸಿಟ್ಟರೆ ಕೊನೆಯ ಚೀಲ ತೆರೆಯುವ ಹೊತ್ತಿಗೆ ಗಟ್ಟಿ ಹೆಂಟೆ ಸಿಗುತ್ತದೆ. ಮಳೆಗಾಲದಲ್ಲಿ ಎಲ್ಲ ಅಳತೆಯನ್ನೂ ನಾಲ್ಕರಿಂದ ಭಾಗಿಸಿ 25 ಕೆಜಿ ಕಲಸಿ, ಹತ್ತು ಹನ್ನೆರಡು ದಿನದೊಳಗೆ ಮುಗಿಸಿ.

ಹಿಂಡಿ ಚೀಲವನ್ನು ನೆಲಕ್ಕೆ ತಾಗಿಸಬೇಡಿ, ಗೋಡೆಗೂ ಒರಗಿಸಬೇಡಿ. ಅಡಿಕೆ ದಬ್ಬೆಯ ಅಟ್ಟಣಿಗೆ ಅರ್ಧ ಅಡಿ ಎತ್ತರ, ಗೋಡೆಯಿಂದ ಒಂದು ಅಡಿ ದೂರ ಇದ್ದರೆ ಗಾಳಿ ಓಡಾಡುತ್ತದೆ. ಅಡುಗೆಮನೆಯ ಹೊಗೆ ಅಟ್ಟ ಇದ್ದವರು ಪುಣ್ಯವಂತರು. ತೆರೆದ ಚೀಲದಿಂದ ಮುಚ್ಚಳವಿರುವ ಡ್ರಮ್ಮಿಗೆ ಸುರಿದಿಡಿ, ಆದರೆ ಬೆಚ್ಚಗಿರುವಾಗ ತುಂಬಬೇಡಿ. ಗಿರಣಿಯಲ್ಲಿ ಬೀಸಿ ತಂದ ಜೋಳ ಆರದೆ ಡ್ರಮ್ ಸೇರಿದರೆ ಮುಚ್ಚಳದ ಒಳಗೆ ಬೆವರಿ, ಆ ಹನಿ ಬಿದ್ದ ಜಾಗದಿಂದಲೇ ಬೂಸ್ಟು ಶುರುವಾಗುತ್ತದೆ. ವಾರಕ್ಕೊಮ್ಮೆ ಚೀಲದ ನಡುವಿಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಒಳಗೆ ಬಿಸಿ ಹತ್ತಿದರೆ ಆ ಚೀಲ ಕೆಡುತ್ತಿದೆ. ಹಿಂಡಿಯ ತೇವ ಶೇ 11 ಮೀರಬಾರದು.

ಸೋಯಾ ಕಾಳನ್ನೇ ತಂದು ಮನೆಯಲ್ಲಿ ಹುರಿದು ಹಾಕಬಹುದೇ?

ಹಸಿ ಕಾಳು ಮರಿಗೆ ಹಾಕಲೇಬಾರದು. ಅದರಲ್ಲಿ ಟ್ರಿಪ್ಸಿನ್ (ಪ್ರೊಟೀನ್ ಜೀರ್ಣಿಸುವ ಕಿಣ್ವ) ತಡೆಯುವ ಅಂಶವಿದೆ. ತಿಂದ ಪ್ರೊಟೀನ್ ಜೀರ್ಣವಾಗದೆ ಹೋಗುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಮರಿ ಹೊಟ್ಟೆ ತುಂಬಾ ತಿಂದರೂ ಬೆಳೆಯುವುದಿಲ್ಲ. ಶಾಖಕ್ಕೆ ಈ ಅಂಶ ಸಾಯುತ್ತದೆ. ಆದರೆ ಬಾಣಲೆಯಲ್ಲಿ ಹುರಿದರೆ ಹೊರಗೆ ಕರಿ, ಒಳಗೆ ಹಸಿ. ಕರಿಯಾದಲ್ಲಿ ಲೈಸಿನ್ ಸುಟ್ಟುಹೋಗುತ್ತದೆ, ಹಸಿಯಾದಲ್ಲಿ ವಿಷ ಉಳಿಯುತ್ತದೆ. ಹುರಿಯುವುದಕ್ಕಿಂತ ಬೇಯಿಸುವುದು ಮೇಲು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿ ಬಂದ ಮೇಲೆ 30–40 ನಿಮಿಷ ಬೇಯಿಸಿ, ನೀರು ಬಸಿದು, ಹಲ್ಲಿಗೆ ಕಟುಂ ಎನ್ನುವಷ್ಟು ಒಣಗಿಸಿ ಬೀಸಿ. ಬೆಂದ ಕಾಳಿನಲ್ಲಿ ಪ್ರೊಟೀನ್ ಶೇ 37, ಎಣ್ಣೆ ಶೇ 18ರ ಸುಮಾರು. 10 ಕೆಜಿ ಸೋಯಾ ಹಿಂಡಿಗೆ ಬದಲು 12 ಕೆಜಿ ಬೆಂದ ಕಾಳು ಹಾಕಿ, ಜೋಳ 2 ಕೆಜಿ ಇಳಿಸಿ. ಇದಕ್ಕಿಂತ ಹೆಚ್ಚು ಬೇಡ. ಮಳೆಗಾಲದಲ್ಲಿ ಒಣಗಿಸುವ ಗೋಜೇ ಇರುವುದರಿಂದ ಇದು ಬೇಸಿಗೆಯ ಕೆಲಸ.

ಬೆಂದದ್ದು ಸಾಕಾಯಿತೇ ಎಂದು ನೋಡಲು ಅಡಿಕೆ ತೋಟಕ್ಕೆ ತಂದ ಯೂರಿಯಾ ಸಾಕು. ಎರಡು ಚಮಚ ಸೋಯಾ ಪುಡಿ, ಅರ್ಧ ಚಮಚ ಯೂರಿಯಾ, ಕಲಸುವಷ್ಟು ಉಗುರುಬೆಚ್ಚಗಿನ ನೀರು. ಬಾಟಲಿಗೆ ಹಾಕಿ ಬಿರಟೆ ಬಿಗಿಯಿರಿ. ಅರ್ಧ ಗಂಟೆಯ ಮೇಲೆ ತೆರೆದು ಮೂಸಿ. ಕಣ್ಣಲ್ಲಿ ನೀರು ತರಿಸುವ ಅಮೋನಿಯಾ ವಾಸನೆ ಬಂದರೆ ಕಾಳು ಇನ್ನೂ ಹಸಿ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆಯುವುದರಿಂದ ಈ ವಾಸನೆ. ಯೂರಿಯೇಸ್ ಮತ್ತು ಟ್ರಿಪ್ಸಿನ್ ತಡೆಯುವ ಅಂಶ ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಸಾಯುತ್ತವೆ, ಹಾಗಾಗಿ ಒಂದು ಇನ್ನೊಂದರ ಸುಳಿವು ಕೊಡುತ್ತದೆ. ಅಂಗಡಿಯಿಂದ ತಂದ ಸೋಯಾ ಹಿಂಡಿಗೂ ಇದನ್ನೇ ಮಾಡಿ ನೋಡಬಹುದು. ಹೆಚ್ಚು ಬೆಂದು ಕೆಟ್ಟದ್ದು ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬಣ್ಣ ನೋಡಿ: ತಿಳಿ ಹೊಂಬಣ್ಣ ಸರಿ, ಕಾಫಿಪುಡಿಯ ಬಣ್ಣ ಬೇಡ. ಬಾಟಲಿಯಲ್ಲಿದ್ದದ್ದನ್ನು ಗೊಬ್ಬರದ ಗುಂಡಿಗೆ ಚೆಲ್ಲಿ, ಕೋಳಿಯ ಬಾಯಿಗೆ ಸಿಗಬಾರದು.

ತೋಟಕ್ಕೆಂದು ತಂದ ಬೇವಿನ ಹಿಂಡಿ, ಹೊಂಗೆ ಹಿಂಡಿ ಇದೆ. ಸ್ವಲ್ಪ ಬೆರೆಸಬಹುದೇ?

ಒಂದು ಹಿಡಿಯೂ ಬೇಡ. ಬೇವು, ಹೊಂಗೆ, ಹರಳು ಹಿಂಡಿ ಮೂರೂ ಗೊಬ್ಬರಕ್ಕೇ ಸರಿ. ಹರಳು ಹಿಂಡಿಯಲ್ಲಿರುವ ರೈಸಿನ್ ಉಗ್ರ ವಿಷ. ತೋಟದ ಬುಡಕ್ಕೆ ಅದನ್ನು ಹಾಕಿದ ದಿನ ಕೋಳಿ, ನಾಯಿಯನ್ನು ಅತ್ತ ಬಿಡಬಾರದು. ಮಲೆನಾಡಿನ ಮನೆಗಳಲ್ಲಿ ನಿಜವಾದ ಅಪಾಯ ಇರುವುದು ಗೊತ್ತಿದ್ದು ಬೆರೆಸುವುದರಲ್ಲಲ್ಲ, ಒಂದೇ ಕೊಟ್ಟಿಗೆ ಮೂಲೆಯಲ್ಲಿ ಒಂದೇ ಥರದ ಬಿಳಿ ಚೀಲಗಳಲ್ಲಿ ಗೊಬ್ಬರದ ಹಿಂಡಿಯೂ ಮೇವಿನ ಹಿಂಡಿಯೂ ಇರುವುದರಲ್ಲಿ. ಮೇವಿನ ಚೀಲಕ್ಕೆ ಬಣ್ಣದ ದಾರ ಕಟ್ಟಿ, ಒಂದನ್ನು ಅಳೆದ ಮಗ್ಗು ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳಿ. ರಬ್ಬರ್ ತೋಟದವರು ಬೀಜದ ಹಿಂಡಿ ಬಗ್ಗೆ ಕೇಳುತ್ತಾರೆ: ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ, ಮರಿಗೆ ಬೇಡ.

ಕೊಬ್ಬರಿ, ಎಳ್ಳು, ಸೂರ್ಯಕಾಂತಿ, ಹುಚ್ಚೆಳ್ಳು ಹಿಂಡಿಗಳು?

ಇವು ಜೊತೆಗಾರರು, ಯಜಮಾನರಲ್ಲ. ನಾಲ್ಕರಲ್ಲಿ ನಮ್ಮ ಆಯ್ಕೆ ಎಳ್ಳು ಹಿಂಡಿ. ಅದರ ಪ್ರೊಟೀನ್ ಶೇ 40ರ ಸುಮಾರು, ಮೆಥಿಯೊನಿನ್ ಸೋಯಾದ ಹೆಚ್ಚುಕಡಿಮೆ ಎರಡರಷ್ಟು. ಸೋಯಾದ ಕೊರತೆಗೆ ಸರಿಯಾಗಿ ಹೊಂದುತ್ತದೆ. ಲೈಸಿನ್ ಕಡಿಮೆ, ರಂಜಕವನ್ನು ಬಂದಿಯಾಗಿಡುವ ಫೈಟೇಟ್ ಜಾಸ್ತಿ ಇರುವುದರಿಂದ ಶೇ 5ಕ್ಕೆ ನಿಲ್ಲಿಸಿ. ಕೊಬ್ಬರಿ ಹಿಂಡಿಯಲ್ಲಿ ಪ್ರೊಟೀನ್ ಶೇ 20–22 ಮಾತ್ರ, ನಾರು ಹೆಚ್ಚು. ನೀರು ಹೀರಿ ಊದುವುದರಿಂದ ಮರಿಯ ಸಣ್ಣ ಹೊಟ್ಟೆ ಬೇಗ ತುಂಬಿಬಿಡುತ್ತದೆ. 8 ವಾರ ದಾಟಿದ ಮೇಲೆ ಶೇ 10ರವರೆಗೆ ಕೊಡಬಹುದು, ಮೊದಲೇ ಬೇಡ. ಸಿಪ್ಪೆ ಸಮೇತ ಹಿಂಡಿದ ಸೂರ್ಯಕಾಂತಿಯಲ್ಲೂ ನಾರೇ ತೊಡಕು, ಮರಿಗೆ ಶೇ 5 ಮೀರಬೇಡಿ. ಹುಚ್ಚೆಳ್ಳಿಗೂ ಅಷ್ಟೇ.

ಹಸುವಿಗೆ ತಂದ ಹತ್ತಿಕಾಳು ಹಿಂಡಿ ಅಥವಾ ಹಸುವಿನ ಫೀಡ್ ಕೊಡಬಹುದೇ?

ಎರಡೂ ಬೇಡ. ಹತ್ತಿಕಾಳು ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ವಿಷ ಲೈಸಿನ್ನನ್ನು ಕಟ್ಟಿಹಾಕುತ್ತದೆ, ಮರಿಯ ಬೆಳವಣಿಗೆ ನಿಲ್ಲುತ್ತದೆ. ಮೊಟ್ಟೆ ಕೋಳಿಗೆ ಹಾಕಿದರೆ ಇಟ್ಟ ಮೊಟ್ಟೆಯ ಭಂಡಾರ ಹಸಿರುಗಟ್ಟುತ್ತದೆ. ಹಸುವಿನ ಫೀಡ್‌ನಲ್ಲಿ ನಾರು ಹೆಚ್ಚು, ಕೆಲವದರಲ್ಲಿ ಯೂರಿಯಾವನ್ನೂ ಸೇರಿಸಿರುತ್ತಾರೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದಿಂದ ಪ್ರೊಟೀನ್ ಮಾಡಿಕೊಳ್ಳುತ್ತವೆ, ಕೋಳಿಗೆ ಆ ವ್ಯವಸ್ಥೆ ಇಲ್ಲ.

ಸೋಯಾ ಹಾಕಿದಾಗಿನಿಂದ ಹಿಕ್ಕೆ ನೀರಾಗಿದೆ, ಮರಿಯ ಹಿಂಭಾಗ ಮೆತ್ತಿಕೊಳ್ಳುತ್ತದೆ. ಏಕೆ?

ಸೋಯಾದಲ್ಲಿ ಪೊಟ್ಯಾಸಿಯಂ ಜಾಸ್ತಿ, ಜೊತೆಗೆ ಕೋಳಿಗೆ ಜೀರ್ಣವಾಗದ ಕೆಲವು ಸಕ್ಕರೆಗಳಿವೆ. ಎರಡೂ ಸೇರಿ ಮರಿ ಹೆಚ್ಚು ನೀರು ಕುಡಿಯುತ್ತದೆ, ಹಿಕ್ಕೆ ತೆಳ್ಳಗಾಗುತ್ತದೆ. 30 ಕೆಜಿಯನ್ನು 36, 38 ಮಾಡಿ 'ಪ್ರೊಟೀನ್ ಜಾಸ್ತಿ ಆದರೆ ಒಳ್ಳೆಯದೇ' ಅಂದುಕೊಂಡವರ ಗೂಡಿನಲ್ಲಿ ಇದು ಖಂಡಿತ. ಹೆಚ್ಚಾದ ಪ್ರೊಟೀನ್ ಯೂರಿಕ್ ಆಮ್ಲವಾಗಿ ಹೊರಗೆ ಬಂದು, ನೆಲದ ಭತ್ತದ ಹೊಟ್ಟಿನಲ್ಲಿ ಅಮೋನಿಯಾ ಆಗುತ್ತದೆ. ಮಲೆನಾಡಿನ ಮಳೆಯಲ್ಲಿ ಹೊಟ್ಟು ತಾನಾಗಿ ಒಣಗುವ ಮಾತೇ ಇಲ್ಲ. ಉಪ್ಪನ್ನೂ ತೂಗಿ ನೋಡಿ: ಅಂದಾಜಿನ ಎರಡು ಹಿಡಿ ಅನ್ನುವುದು ಬಹಳ ಸಲ 350 ಗ್ರಾಂ ದಾಟಿರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಹಿಂಡಿಯ ತಪ್ಪಲ್ಲ, ರಕ್ತಭೇದಿ. ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಕಾಲು ಸೊಟ್ಟಗಾಗುತ್ತಿದೆ. ಹಿಂಡಿಯಿಂದಲೇ?

ಹಿಂಡಿಯಿಂದಲ್ಲ, ಹಿಂಡಿಯ ಜೊತೆ ಹಾಕದೆ ಬಿಟ್ಟದ್ದರಿಂದ. ಬೆರಳು ಒಳಕ್ಕೆ ಮುದುಡಿ ಮರಿ ಹಿಮ್ಮಡಿ ಕೀಲಿನ ಮೇಲೆ ಕೂತರೆ ಬಿ2 ಕೊರತೆ. ಅದೇ ಕೀಲು ಊದಿ ಕಾಲು ಪಕ್ಕಕ್ಕೆ ತಿರುಗಿದರೆ ಮ್ಯಾಂಗನೀಸ್, ಕೋಲಿನ್ ಕಡೆ ನೋಡಿ. ಮೂಳೆ ಮೆತ್ತಗಾಗಿ ಬಾಗಿದರೆ ಕ್ಯಾಲ್ಸಿಯಂ, ರಂಜಕ ಅಥವಾ ಡಿ3. ಗಿಡದ ಮೇವಿನ ರಂಜಕದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂದಿಯಾಗಿರುತ್ತದೆ, ಅದು ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೀನಿನ ಪುಡಿ ಬಿಟ್ಟವರು ಡಿಸಿಪಿಯನ್ನು ಬಿಡುವಂತಿಲ್ಲ ಎನ್ನುವುದು ಇದಕ್ಕೇ. ಗ್ರಾಂಗೆ 5000 ಯೂನಿಟ್ ಇರುವ ಫೈಟೇಸ್ ಕಿಣ್ವ 100 ಕೆಜಿಗೆ 10 ಗ್ರಾಂ ಬೆರೆಸಿದರೆ ಬಂದಿಯಾದ ರಂಜಕ ಒಂದಷ್ಟು ಬಿಡುಗಡೆಯಾಗುತ್ತದೆ.

ಅಜೋಲಾ, ನುಗ್ಗೆ ಸೊಪ್ಪಿನಿಂದ ಹಿಂಡಿ ಉಳಿಸಬಹುದೇ?

ಅಜೋಲಾದ ಪ್ರೊಟೀನ್ ಶೇ 20–25 ಎನ್ನುವುದು ಒಣಗಿದ್ದರ ಲೆಕ್ಕ. ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಮೂರಕ್ಕೂ ಮೇಲೆ ನೀರೇ. ಒಂದು ಬುಟ್ಟಿ ಕೊಟ್ಟು ಹಿಂಡಿ ಕಡಿಮೆ ಮಾಡಿದರೆ ಮರಿ ನೀರು ಕುಡಿದಂತೆ. ಅಡಿಕೆ ತೋಟದ ನೆರಳಿನಲ್ಲಿ ಚೆನ್ನಾಗಿ ಬರುತ್ತದೆ, ದೊಡ್ಡ ಕೋಳಿಗೆ ಕೊಡಿ. ಮರಿಗೆ ನಾಲ್ಕನೇ ವಾರದ ಮೇಲೆ ರುಚಿಗೆ ಒಂದಿಷ್ಟು. ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪಿನ ಪುಡಿ ಮೇವಿನ ಶೇ 5ರವರೆಗೆ ಆದೀತು.

ಕಲಸುವುದರಲ್ಲಿ ತಪ್ಪಾಗುವುದು ಎಲ್ಲಿ?

ಸಣ್ಣ ಪುಡಿಗಳಲ್ಲಿ. 100 ಗ್ರಾಂ ವಿಟಮಿನ್ನನ್ನು ನೇರ ರಾಶಿಯ ಮೇಲೆ ಉದುರಿಸಿ ಸಲಿಕೆ ಆಡಿಸಿದರೆ ಒಂದು ಮರಿಗೆ ನಾಲ್ಕು ಪಾಲು, ಇನ್ನೊಂದಕ್ಕೆ ಸೊನ್ನೆ. ಗ್ರಾಂ ಲೆಕ್ಕದ್ದೆಲ್ಲವನ್ನೂ ಮೊದಲು ಒಂದು ಕೆಜಿ ಜೋಳದ ಹಿಟ್ಟಿನಲ್ಲಿ, ಅದನ್ನು ಐದು ಕೆಜಿಯಲ್ಲಿ, ಆಮೇಲೆ ಇಡೀ ರಾಶಿಯಲ್ಲಿ ಬೆರೆಸಿ. ರಾಶಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಐದು ಸಲ ಮಗುಚಿ ಹಾಕಿ. ತಕ್ಕಡಿ ಬೇಕೇ ಬೇಕು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಆದರೂ ಸರಿ. ಜೋಳ, ಹಿಂಡಿಯನ್ನು 3 ಮಿ.ಮೀ. ಜರಡಿಯಲ್ಲಿ ಬೀಸಿಸಿ. ರೊಟ್ಟಿ ಹಿಟ್ಟಿನಷ್ಟು ನುಣ್ಣಗಾದರೆ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಹಿಂಡಿಯ ಉಂಡೆ ಹಾಗೇ ಉಳಿದರೆ ಮರಿ ಜೋಳವನ್ನಷ್ಟೇ ಆರಿಸಿ ತಿನ್ನುತ್ತದೆ.

ಹಳೇ ಮೇವಿನಿಂದ ಹೊಸದಕ್ಕೆ ನಾಲ್ಕೈದು ದಿನದಲ್ಲಿ ಬೆರೆಸುತ್ತಾ ಬದಲಾಯಿಸಿ. ಮೊದಲ ಸಲ ಕಲಸುವವರು ಮೊದಲ ಹತ್ತು ದಿನಕ್ಕೆ ಕಂಪನಿಯ ಚಿಕ್ ಸ್ಟಾರ್ಟರ್ ಕೊಂಡುಕೊಳ್ಳುವುದೇ ಕ್ಷೇಮ. ಆ ವಯಸ್ಸಿನಲ್ಲಿ ಮರಿ ತಿನ್ನುವುದೇ ಅಷ್ಟು, ಅಲ್ಲಿ ಉಳಿಸುವ ದುಡ್ಡು ದೊಡ್ಡದಲ್ಲ.

ಮೇವು ಸರಿಯಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ 20 ಮರಿ ಒಂದೊಂದಾಗಿ ತೂಗಿ ಬರೆದಿಡಿ. ಕೈಗೆ ಸುಲಭವಾಗಿ ಸಿಗುವ ಮರಿಗಳೇ ಬೇಡ, ಮೂಲೆಯದ್ದನ್ನೂ ಹಿಡಿಯಿರಿ. ಸರಾಸರಿಯ ಆಚೆ ಈಚೆ ಶೇ 10ರೊಳಗೆ 16 ಮರಿಗಳಾದರೂ ಬಂದರೆ ಹಿಂಡು ಸಮವಾಗಿದೆ. ಹತ್ತು ಹನ್ನೊಂದೇ ಬಂದರೆ ಕಲಸಿದ್ದರಲ್ಲಿ, ಇಲ್ಲವೇ ಹಿಂಡಿಯಲ್ಲಿ ಏನೋ ಆಗಿದೆ, ಅಥವಾ ಮೇವಿನ ತಟ್ಟೆ ಸಾಲದು.

ಮರಿ ಸತ್ತರೆ ಪರೀಕ್ಷೆಗೆ ಏನು ಒಯ್ಯಬೇಕು?

ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿಗಾಗಲಿ ಹತ್ತಿರದ ಪಶು ಆಸ್ಪತ್ರೆಗಾಗಲಿ ಹೋಗುವಾಗ ಆಗಷ್ಟೇ ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ನಡುವೆ ಇಡಿ, ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ಜೊತೆಗೆ ಕಲಸಿದ ಮೇವು ಅರ್ಧ ಕೆಜಿ, ಅದಕ್ಕೆ ಬಳಸಿದ ಹಿಂಡಿ ಅರ್ಧ ಕೆಜಿ. ಚೀಲದ ಬಾಯಿಂದಷ್ಟೇ ತೆಗೆಯದೆ ಮೇಲೆ, ನಡು, ತಳ ಮೂರೂ ಕಡೆಯಿಂದ ತೆಗೆದು ಬೆರೆಸಿ, ಕಾಗದದ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ದಾರಿಯಲ್ಲೇ ಬೆವರಿ, ಇಲ್ಲದ ಬೂಸ್ಟು ಹುಟ್ಟಿಕೊಳ್ಳುತ್ತದೆ. ಹಿಂಡಿ ತಂದ ತಾರೀಕು, ಚೀಲದ ಲೇಬಲ್ಲು, ಯಾವ ದಿನದಿಂದ ಹೊಸ ಚೀಲ ತೆರೆದಿರಿ ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.